ಲೋಟದ ಬೆಲೆ, ಕೈಯ ಬೆಲೆ

ಮಾರ್ಗಶಿರ ಕಳೆದು ಪುಷ್ಯ ಕಾಲಿಡುವ ಹೊತ್ತಿಗೆ ಮುಂಬಯಿಯಲ್ಲಿಯೂ ಒಂದಿಷ್ಟು ಚಳಿ ಬೀಳುವುದುಂಟು. ಅದು ಊರಿನ ಚಳಿಯಲ್ಲ. ಬೆಳಗಿನ ಲೋಕಲ್ ಗಾಡಿಯಲ್ಲಿ ಯಾರಾದರೂ ಎದ್ದು ಕಿಟಕಿಯನ್ನು ಅರ್ಧ ಮುಚ್ಚುವಷ್ಟು, ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಹುಡುಗನ ಬೆರಳುಗಳು ಬಿಳಿಚಿಕೊಳ್ಳುವಷ್ಟು ಮಾತ್ರ. ಇಂತಹ ಒಂದು ರವಿವಾರ ನನ್ನ ದಾಯಾದಿ ತಮ್ಮನ ಮಗ ಮನೆಗೆ ಬಂದಿದ್ದ. ಈ ಮಹಾನಗರದ ದೊಡ್ಡದೊಂದು ಹೋಟೆಲಿನ ಬಾರಿನಲ್ಲಿ ಅವನಿಗೆ ಕೆಲಸ. ಊಟವಾದ ಮೇಲೆ ಅವನು ತನ್ನ ಕೆಲಸದ ಕಡೆಯ ಸಮಾಚಾರವೊಂದನ್ನು ಹೇಳಿದ.

ಚಳಿಗಾಲ ಬಂದಿತೆಂದರೆ ಕೆಲವು ಗಿರಾಕಿಗಳು ಸಾಮಾನ್ಯ ಲೋಟವನ್ನು ಒಲ್ಲರಂತೆ. ಜಪಾನಿನಿಂದ ತರಿಸಿದ, ಕೈಯಿಂದ ಕೊರೆದ ನೀಲಿ ಸ್ಫಟಿಕದ ಲೋಟದಲ್ಲಿಯೇ ಅವರಿಗೆ ವಿಸ್ಕಿ ಬೇಕು. ಅಂತಹ ಆರು ಲೋಟಗಳು ಬೀಗ ಹಾಕಿದ ಕಪಾಟಿನಲ್ಲಿರುತ್ತವೆ. ಅವನ್ನು ಹೊರತೆಗೆಯುವುದಕ್ಕೂ ಒಳಗಿಡುವುದಕ್ಕೂ ಪುಸ್ತಕದಲ್ಲಿ ಸಹಿ ಬೀಳಬೇಕು. ತೊಳೆಯುವ ಕೆಲಸ ಮಾತ್ರ ಇವನದು. "ದೊಡ್ಡಪ್ಪ, ಒಂದು ಲೋಟದ ಬೆಲೆ ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚಂತೆ. ಗಾಜು ಎಂದರೆ ಗಾಜೇ ಅಲ್ಲವೆ? ಅದರಲ್ಲಿ ಅಂತಹದೇನಿದೆ, ನೀವೇ ಹೇಳಿ. ನನ್ನ ಕೈಯಿಂದ ಜಾರಿ ಒಡೆದರೆ ಗತಿ ಏನು?" ಎಂದು ಕೇಳಿದ.

ಅವನು ಕೇಳಿದ್ದು ಎರಡು ಪ್ರಶ್ನೆ. ಲೋಟದಲ್ಲಿ ಏನಿದೆ ಎಂಬುದು ಒಂದು. ಒಡೆದರೆ ಏನು ಎಂಬುದು ಇನ್ನೊಂದು. ಅವನು ಕೇಳದಿದ್ದ ಮೂರನೆಯ ಪ್ರಶ್ನೆಯೊಂದೂ ಇದೆ. ಆ ಲೋಟದೊಳಗಿನ ಪೇಯವನ್ನು ನಾವು ಹೇಗೆ ಕಾಣಬೇಕು ಎಂಬುದೇ ಅದು. ಲೋಟ ತೊಳೆಯುವ ಕೆಲಸದಿಂದಲೇ ಈ ನಗರದಲ್ಲಿ ಅನ್ನ ಕಂಡು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಗುಮಾಸ್ತನಾಗಿ ನಿವೃತ್ತಿ ಹೊಂದಿದ ನನಗೆ ಈ ಮೂರಕ್ಕೂ ಉತ್ತರ ಹುಡುಕಬೇಕೆನಿಸಿತು. ವಾಚಕರಲ್ಲಿ ಅನೇಕರು ಇದೇ ದಾರಿಯಲ್ಲಿ ಬಂದವರಾದುದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಲೋಟದ ವಿಚಾರ. ಜಪಾನೀಯರು ಕೊರೆದ ಗಾಜಿಗೆ 'ಕಿರಿಕೊ' ಎನ್ನುತ್ತಾರೆ. ಇಂದಿನ ಟೋಕಿಯೋ ನಗರದ ಹಳೆಯ ಹೆಸರು ಎದೊ. 1834ರಲ್ಲಿ ಎದೊದಲ್ಲಿ ಗಾಜಿನ ಸಾಮಾನು ಮಾರುತ್ತಿದ್ದ ಕಾಗಾಯಾ ಕ್ಯೂಬೆಯಿ ಎಂಬ ವರ್ತಕನು ಕುರುಂಜಿಯ ಪುಡಿಯಿಂದ ಗಾಜಿನ ಮೇಲೆ ಗೆರೆ ಕೊರೆಯುವ ಕಲೆಯನ್ನು ಆರಂಭಿಸಿದನೆಂದು ಆ ಕಸಬಿನವರು ಎಣಿಸುತ್ತಾರೆ. ಅವನು ಅರಸನೂ ಅಲ್ಲ, ಪಂಡಿತನೂ ಅಲ್ಲ, ಅಂಗಡಿಕಾರ. ಎದೊ ಕಿರಿಕೊ ಹುಟ್ಟಿದ್ದೂ ಬೆಳೆದದ್ದೂ ಪೇಟೆಯ ಜನರ ನಡುವೆ. ಬಳಸುವ ಸಾಮಾನಾಗಿಯೇ ಅದು ಉಳಿದು ಬಂದಿತು.

ಇದಕ್ಕೆ ವಿರುದ್ಧವಾದ ಕಥೆ ದಕ್ಷಿಣದ ಸಾತ್ಸುಮಾ ಸಂಸ್ಥಾನದ್ದು. ಅಲ್ಲಿಯ ದೊರೆಮನೆತನವು ಎದೊದಿಂದ ಗಾಜಿನ ಕುಶಲಿಯನ್ನು ಕರೆಸಿ ಕಾರ್ಖಾನೆ ತೆರೆಯಿತು. 1851ರಲ್ಲಿ ಪಟ್ಟಕ್ಕೆ ಬಂದ ಶಿಮಾಜು ನಾರಿಯಾಕಿರನ ಕಾಲದಲ್ಲಿ ದಪ್ಪನೆಯ ಬಣ್ಣದ ಗಾಜನ್ನು ಕೊರೆದು, ಕಡುಬಣ್ಣ ಮೆಲ್ಲಮೆಲ್ಲನೆ ತಿಳಿಯಾಗಿ ಕರಗುವಂತೆ ತೋರಿಸುವ ಅಪೂರ್ವವಾದ ಕೆಲಸ ನಡೆಯಿತು. ಆದರೆ 1858ರಲ್ಲಿ ಆ ದೊರೆ ತೀರಿಕೊಂಡನು. 1863ರಲ್ಲಿ ಬ್ರಿಟಿಷ್ ನೌಕಾಪಡೆ ಕಾಗೊಶಿಮಾ ನಗರದ ಮೇಲೆ ಗುಂಡಿನ ಮಳೆಗರೆದಾಗ ಕಾರ್ಖಾನೆಗಳು ಸುಟ್ಟುಹೋದುವು. ಮುಂದೆ ಕೆಲವೇ ವರ್ಷಗಳಲ್ಲಿ ಆ ವಿದ್ಯೆಯೂ ನಿಂತಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದನ್ನು ಬಲ್ಲ ಕೈ ಒಂದೂ ಇರಲಿಲ್ಲ. 1985ರಲ್ಲಿ ಅದನ್ನು ಪುನಃ ಆರಂಭಿಸಿದವರು ಉಳಿದಿದ್ದ ಕೆಲವೇ ಹಳೆಯ ಪಾತ್ರೆಗಳನ್ನು ನೋಡಿ ನೋಡಿ ಹೊಸದಾಗಿಯೇ ಕಲಿಯಬೇಕಾಯಿತು.

ಈ ಎರಡು ಕಥೆಗಳನ್ನು ಒತ್ತಿನಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಒಬ್ಬ ದೊರೆಯ ಆಶ್ರಯದಲ್ಲಿ ಬೆಳೆದ ಕಲೆ ದೊರೆಯೊಡನೆ ಬಾಡಿತು. ಪೇಟೆಯವರ ನಿತ್ಯದ ಬಳಕೆಯಲ್ಲಿ ಬೆಳೆದ ಕಲೆ ಬದುಕಿತು. ಎದೊದವರು ಹೊರಗಿನಿಂದ ಕಲಿಯುವುದಕ್ಕೂ ನಾಚಲಿಲ್ಲ. 1881ರಲ್ಲಿ ಶಿನಾಗಾವಾ ಗಾಜಿನ ಕಾರ್ಖಾನೆಗೆ ಇಂಗ್ಲೆಂಡಿನಿಂದ ಇಮ್ಮಾನ್ಯುಯೆಲ್ ಹಾಪ್ಟ್‌ಮನ್ ಎಂಬ ಕುಶಲಿಯನ್ನು ಕರೆಸಲಾಯಿತು. ಹತ್ತಾರು ಜಪಾನೀ ಕೆಲಸಗಾರರು ಅವನ ಬಳಿ ಪಾಶ್ಚಾತ್ಯ ಪದ್ಧತಿಯ ಕೊರೆತವನ್ನು ಕಲಿತರು. 1985ರಲ್ಲಿ ಟೋಕಿಯೋ ಸರಕಾರವೂ, 2002ರಲ್ಲಿ ಜಪಾನಿನ ಕೇಂದ್ರ ಸರಕಾರವೂ ಎದೊ ಕಿರಿಕೊವನ್ನು ಪರಂಪರಾಗತ ಕರಕೌಶಲವೆಂದು ಅಂಗೀಕರಿಸಿದುವು. ಇಂದು ಆ ಹೆಸರನ್ನು ಎಲ್ಲರೂ ಬಳಸುವಂತಿಲ್ಲ. ವಸ್ತು ಗಾಜಿನದಾಗಿರಬೇಕು, ಕೈಗೆಲಸವಾಗಿರಬೇಕು, ಮುಖ್ಯವಾಗಿ ತಿರುಗುವ ಚಕ್ರದಿಂದ ಕೊರೆದುದಾಗಿರಬೇಕು, ಟೋಕಿಯೋದ ಕೋಟೊ ಮೊದಲಾದ ಗೊತ್ತುಮಾಡಿದ ಪ್ರದೇಶಗಳಲ್ಲಿಯೇ ತಯಾರಾಗಿರಬೇಕು.

ಕೆಲಸ ನಡೆಯುವ ಬಗೆ ಹೀಗೆ. ತಿಳಿಗಾಜಿನ ಮೇಲೆ ನೀಲಿಯದೋ ಕೆಂಪಿನದೋ ತೆಳುವಾದ ಬಣ್ಣದ ಗಾಜಿನ ಹೊದಿಕೆ ಇರುವಂತೆ ಲೋಟವನ್ನು ಮೊದಲು ಊದಿ ಸಿದ್ಧಪಡಿಸುತ್ತಾರೆ. ಅನಂತರ ಅದರ ಮೈಮೇಲೆ ಅಡ್ಡಗೆರೆ ಉದ್ದಗೆರೆಗಳ ಗುರುತು ಹಾಕುತ್ತಾರೆ. ನಕ್ಷೆಯನ್ನು ಪೂರ್ತಿಯಾಗಿ ಬರೆದುಕೊಳ್ಳುವುದಿಲ್ಲ; ಗುರುತಿನ ಗೆರೆಗಳಷ್ಟೇ ಆಧಾರ, ಉಳಿದುದೆಲ್ಲ ಕೈಯ ಅಳತೆ, ಕಣ್ಣಿನ ಅಳತೆ. ತಿರುಗುವ ವಜ್ರದ ಚಕ್ರಕ್ಕೆ ಲೋಟದ ಹೊರಮೈಯನ್ನು ಒತ್ತಿ, ಒಳಗಿನಿಂದ ಇಣಿಕಿ ನೋಡುತ್ತ ಕೊರೆಯುತ್ತಾರೆ. ಬಣ್ಣ ಹೋದಲ್ಲಿ ಬೆಳಕು ಕಾಣುತ್ತದೆ. ಮೊದಲು ಒರಟು ಕೊರೆತ, ಮೇಲೆ ನಯದ ಕೊರೆತ, ಆಮೇಲೆ ಕಲ್ಲಿನ ಚಕ್ರದ ಸರದಿ, ಕಡೆಗೆ ಮರದ ಚಕ್ರ ಮತ್ತು ಪುಡಿಗಳಿಂದ ಹೊಳಪು. ಬಣ್ಣ ಗಾಢವಾದಷ್ಟೂ ಒಳಗಿನಿಂದ ಕಾಣುವುದು ಕಷ್ಟ. ಕಪ್ಪು ಲೋಟವನ್ನು ಕೊರೆಯುವವನು ಹೆಚ್ಚುಕಡಮೆ ಕುರುಡನಂತೆ ಕೈಯನ್ನೇ ನಂಬಬೇಕು. ಒಂದು ಗೆರೆ ಕೂದಲೆಳೆಯಷ್ಟು ಸರಿದರೂ ಅದನ್ನು ಅಳಿಸಲಾಗದು.

ನಕ್ಷೆಗಳ ಹೆಸರುಗಳಾದರೂ ಮನೆಬಳಕೆಯವೇ. ಮೀನಿನ ಮೊಟ್ಟೆ, ಸೆಣಬಿನ ಎಲೆ, ಬುಟ್ಟಿಯ ಹೆಣಿಗೆ, ಬಿದಿರಿನ ಬೇಲಿ, ಸೇವಂತಿಗೆಯ ಸಾಲು. ಬುಟ್ಟಿ ಹೆಣೆಯುವವನ, ಬೇಲಿ ಕಟ್ಟುವವನ, ಮೀನು ಹಿಡಿಯುವವನ ಲೋಕವೇ ಗಾಜಿನ ಮೇಲೆ ಮೂಡಿದೆ. ಶ್ರೀಮಂತರ ಮೇಜಿನ ಮೇಲೆ ಮೆರೆಯುವ ಈ ವಸ್ತುವಿನ ಮೈತುಂಬ ದುಡಿಯುವವರ ಗುರುತುಗಳೇ ಇವೆ. ನನ್ನ ತಮ್ಮನ ಮಗನಿಗೆ ಇದನ್ನು ಹೇಳಿದಾಗ ಅವನು, "ಹಾಗಾದರೆ ನಮ್ಮ ಊರಿನ ಬುಟ್ಟಿಯ ಹೆಣಿಗೆಯನ್ನೇ ನಾನು ದಿನಾಲೂ ತೊಳೆಯುತ್ತಿದ್ದೇನೆ ಅನ್ನಿ" ಎಂದು ನಕ್ಕ.

ಸ್ಫಟಿಕವೆಂದರೆ ಭೂಮಿಯಲ್ಲಿ ಸಿಗುವ ಕಲ್ಲಲ್ಲ. ಸೀಸದ ಭಸ್ಮವನ್ನು ಬೆರೆಸಿದ ಗಾಜು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಅದನ್ನು ವ್ಯಾಪಾರದ ಪ್ರಮಾಣದಲ್ಲಿ ತಯಾರಿಸಿ ಪ್ರಸಿದ್ಧನಾದನು. ಸೀಸ ಸೇರಿದ ಗಾಜು ಮೆತ್ತಗಿದ್ದು ಕೊರೆಯುವುದಕ್ಕೆ ಒದಗುತ್ತದೆ, ಬೆಳಕನ್ನು ಹೆಚ್ಚು ಬಾಗಿಸಿ ಮಿನುಗುತ್ತದೆ, ತಟ್ಟಿದರೆ ಗಂಟೆಯಂತೆ ದನಿಗೊಡುತ್ತದೆ, ಕೈಗೆ ಭಾರವೆನಿಸುತ್ತದೆ. ಯುರೋಪಿನ ನಿಯಮದಂತೆ ಶೇಕಡ 24ರಷ್ಟಾದರೂ ಸೀಸದ ಆಕ್ಸೈಡ್ ಇದ್ದುದಕ್ಕೇ ಸೀಸದ ಸ್ಫಟಿಕವೆಂಬ ಹೆಸರು. ಎಲ್ಲ ಕಿರಿಕೊವೂ ಸೀಸದ್ದಲ್ಲ. ಸಾಮಾನ್ಯ ಸೋಡಾ ಗಾಜಿನಲ್ಲಿಯೂ ಕೊರೆಯುತ್ತಾರೆ. ಬಾರುಗಳಲ್ಲಿ ದುಡಿಯುವವರು ಒಂದು ಮಾತನ್ನು ತಿಳಿದಿರಬೇಕು. ಸೀಸದ ಸ್ಫಟಿಕದ ಲೋಟದಲ್ಲಿ ಸ್ವಲ್ಪ ಹೊತ್ತು ನಿಂತ ಮದ್ಯಕ್ಕೆ ಇಳಿಯುವ ಸೀಸ ಅತ್ಯಲ್ಪ. ಆದರೆ ಅಂತಹ ಹೂಜಿಯಲ್ಲಿ ವಾರ ತಿಂಗಳುಗಟ್ಟಲೆ ತುಂಬಿಟ್ಟ ಮದ್ಯಕ್ಕೆ ಸೀಸ ಇಳಿಯುತ್ತಲೇ ಹೋಗುತ್ತದೆ. ಚೆಂದಕ್ಕಾಗಿ ಹೂಜಿಯಲ್ಲಿ ತುಂಬಿಡುವ ಪದ್ಧತಿಯನ್ನು ಬಿಡುವುದೇ ಕ್ಷೇಮ.

ಇನ್ನು ಅದರೊಳಗಿನ ವಿಸ್ಕಿಯ ವೃತ್ತಾಂತ. ಇದು ಕೂಡ ಒಬ್ಬ ವಲಸೆಗಾರನ ಕಥೆ. ಹಿರೋಶಿಮಾ ಪ್ರಾಂತದ ಅಕ್ಕಿಯ ಮದ್ಯ ತಯಾರಿಸುವ ಮನೆತನದಲ್ಲಿ 1894ರಲ್ಲಿ ಹುಟ್ಟಿದ ಮಾಸಾತಾಕಾ ತಾಕೆತ್ಸುರು ಎಂಬ ಯುವಕನು 1918ರಲ್ಲಿ ಸಮುದ್ರ ದಾಟಿ ಸ್ಕಾಟ್ಲೆಂಡಿಗೆ ಹೋದನು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪಾಠ ಕೇಳಿದನು. ಭಟ್ಟಿಗಳಲ್ಲಿ ಕೈಕೆಲಸ ಕಲಿತನು. ಕಂಡದ್ದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡನು. 1920ರಲ್ಲಿ ರೀಟಾ ಕೋವನ್ ಎಂಬ ಸ್ಕಾಟಿಷ್ ಕನ್ಯೆಯನ್ನು ಮದುವೆಯಾಗಿ ಸ್ವದೇಶಕ್ಕೆ ಮರಳಿದನು. ಶಿಂಜಿರೊ ತೋರಿಯಿ ಎಂಬ ಉದ್ಯಮಿಯು 1923ರಲ್ಲಿ ಯಾಮಾಜಾಕಿಯಲ್ಲಿ ಕಟ್ಟಲಾರಂಭಿಸಿದ ಜಪಾನಿನ ಮೊದಲನೆಯ ಮಾಲ್ಟ್ ವಿಸ್ಕಿಯ ಭಟ್ಟಿಗೆ ತಾಕೆತ್ಸುರುವೇ ಮೇಲ್ವಿಚಾರಕನಾದನು. 1929ರಲ್ಲಿ ಹೊರಬಂದ ಅವರ ಮೊದಲನೆಯ ವಿಸ್ಕಿ ಜನರಿಗೆ ರುಚಿಸಲಿಲ್ಲ. ಅದರ ಹೊಗೆಯ ವಾಸನೆ ಜಪಾನೀಯರ ನಾಲಗೆಗೆ ಒಗ್ಗಲಿಲ್ಲ.

ತೋರಿಯಿ ತನ್ನ ಜನರ ನಾಲಗೆಯನ್ನು ಅರಿತು ಹದ ಬದಲಾಯಿಸಿದನು. 1937ರಲ್ಲಿ ಹೊರತಂದ ವಿಸ್ಕಿ ಇಂದಿಗೂ ಚೌಕಾಕಾರದ ಶೀಸೆಯಲ್ಲಿ 'ಕಾಕುಬಿನ್' ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ಅದರ ಮೈಮೇಲಿನ ಆಮೆಚಿಪ್ಪಿನ ನಕ್ಷೆಗೆ ಸ್ಫೂರ್ತಿ ನಾನು ಮೇಲೆ ಹೇಳಿದ ಸಾತ್ಸುಮಾದ ಕೊರೆದ ಗಾಜು. ಕೈಕೆಲಸ ನಿಂತುಹೋಗಿದ್ದ ಕಾಲದಲ್ಲಿ ಅದರ ನೆನಪು ಅಗ್ಗದ ಶೀಸೆಯ ಮೇಲೆ ಉಳಿಯಿತು. ಇತ್ತ ತಾಕೆತ್ಸುರು ತನ್ನ ಹಟವನ್ನು ಬಿಡದೆ 1934ರಲ್ಲಿ ಉತ್ತರದ ಹೊಕ್ಕಾಯಿದೊ ದ್ವೀಪದ ಯೋಯಿಚಿಯಲ್ಲಿ ಸ್ವಂತ ಸಂಸ್ಥೆ ಸ್ಥಾಪಿಸಿದನು. ಅಲ್ಲಿಯ ಚಳಿ ಸ್ಕಾಟ್ಲೆಂಡಿನದಕ್ಕೆ ಹತ್ತಿರ. ಅವನ ನಿಕ್ಕಾ ವಿಸ್ಕಿ ಮಾರುಕಟ್ಟೆಗೆ ಬಂದುದು 1940ರಲ್ಲಿ. ಯೋಯಿಚಿಯ ತಾಮ್ರದ ಹಂಡೆಗಳಿಗೆ ಇಂದಿಗೂ ಕಲ್ಲಿದ್ದಲಿನ ಬೆಂಕಿಯೇ. ಹೊರಗೆ ಆಳೆತ್ತರ ಹಿಮ ಬಿದ್ದಿರುವಾಗಲೂ ಒಲೆಯ ಮುಂದೆ ನಿಂತ ಆಳು ಸಲಿಕೆಯಿಂದ ಇದ್ದಲು ಒಡ್ಡುತ್ತಲೇ ಇರಬೇಕು. ಹೋಟೆಲಿನ ಭಟ್ಟಿಯ ಮುಂದೆ ನಿಂತವರಿಗೆ ಆ ಬೆವರಿನ ಅರ್ಥವನ್ನು ನಾನು ವಿವರಿಸಬೇಕಾಗಿಲ್ಲ.

ಸ್ಕಾಟ್ಲೆಂಡಿನಿಂದ ಕಲಿತು ಸ್ಕಾಟ್ಲೆಂಡಿಗೇ ಸವಾಲು ಹಾಕಿದವರು ಜಪಾನೀಯರು ಮಾತ್ರವಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೃತ್ ಸಂಸ್ಥೆಯು ತನ್ನ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋ ನಗರದಲ್ಲಿ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡ ಎರಡರಷ್ಟು ಆವಿಯಾಗಿ ಹೋಗುವ ಮದ್ಯ ಬೆಂಗಳೂರಿನ ಹವೆಯಲ್ಲಿ ಶೇಕಡ ಹತ್ತಕ್ಕೂ ಮೀರಿ ಹೋಗುತ್ತದೆ. ಆ ನಷ್ಟವನ್ನು ಸಹಿಸಿಯೂ ಅವರು ಹೆಸರು ಗಳಿಸಿದರು. ಇದನ್ನು ಹೇಳುವುದು ಮದ್ಯದ ಹೊಗಳಿಕೆಗಾಗಿ ಅಲ್ಲ. ಕಸಬು ಯಾರ ಸ್ವತ್ತೂ ಅಲ್ಲ, ಕಲಿತವನ ಕೈಗೆ ಒಲಿಯುತ್ತದೆ ಎಂಬುದನ್ನು ತೋರಿಸುವುದಕ್ಕಾಗಿ.

ಹೆಸರಿನ ವಿಷಯದಲ್ಲಿ ಜಪಾನೀಯರು ಒಂದು ಪಾಠವನ್ನು ತಡವಾಗಿ ಕಲಿತರು. ಹೊರದೇಶದಿಂದ ಪೀಪಾಯಿಗಟ್ಟಲೆ ತರಿಸಿದ ಮದ್ಯವನ್ನು ಬೆರೆಸಿ 'ಜಪಾನೀ ವಿಸ್ಕಿ' ಎಂದು ಮಾರುವುದು ಅಲ್ಲಿ ಬಹುಕಾಲ ನಡೆದಿತ್ತು. ಕಡೆಗೆ 2021ರಲ್ಲಿ ಅಲ್ಲಿಯ ತಯಾರಕರ ಸಂಘವೇ ಕಟ್ಟಳೆ ಮಾಡಿತು: ಜಪಾನಿನಲ್ಲಿಯೇ ಹುದುಗು ಬರಿಸಿ, ಭಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಕಡಮೆಯೆಂದರೆ ಮೂರು ವರ್ಷ ಅಲ್ಲಿಯೇ ಪಕ್ವಗೊಳಿಸಿ, ಅಲ್ಲಿಯೇ ಶೀಸೆಗೆ ತುಂಬಿದುದಕ್ಕೆ ಮಾತ್ರ ಆ ಹೆಸರು. 2024ರ ಏಪ್ರಿಲಿನಿಂದ ಸಂಘದ ಸದಸ್ಯರಿಗೆ ಅದು ಪೂರ್ತಿಯಾಗಿ ಅನ್ವಯಿಸಿತು. ಲೋಟಕ್ಕೆ ಇದ್ದ ನಿಯಮ ಮದ್ಯಕ್ಕೂ ಬಂದಿತೆನ್ನೋಣ.

ಚಳಿಗಾಲಕ್ಕೂ ಈ ಲೋಟಕ್ಕೂ ಇರುವ ನಂಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಜಪಾನಿನಲ್ಲಿ ಚಳಿಗಾಲದ ವಿಸ್ಕಿಯೆಂದರೆ ಅನೇಕರಿಗೆ 'ಓಯುವಾರಿ'. ಅಂದರೆ ಒಂದು ಪಾಲು ಮದ್ಯಕ್ಕೆ ಎರಡು ಮೂರು ಪಾಲು ಬಿಸಿನೀರು. ಅದಕ್ಕೆ ಕೊರೆದ ಸ್ಫಟಿಕದ ಲೋಟ ಸಲ್ಲದು. ದಪ್ಪವೂ ತೆಳುವೂ ಆದ ಭಾಗಗಳುಳ್ಳ ಆ ಗಾಜು ಬಿಸಿನೀರು ಬಿದ್ದೊಡನೆ ಒಂದೇ ಸಮನಾಗಿ ಹಿಗ್ಗಲಾರದೆ ಸೀಳುತ್ತದೆ. ಬಿಸಿಯನ್ನು ತಾಳುವ ಹಿಡಿಯುಳ್ಳ ಸಾದಾ ಲೋಟವೇ ಅದಕ್ಕೆ ಪಾತ್ರೆ. ಸ್ಫಟಿಕದ ಲೋಟದಲ್ಲಿ ಬರಿಯ ವಿಸ್ಕಿಯನ್ನೋ, ಕೈಯಿಂದ ಕೆತ್ತಿದ ತಿಳಿಯಾದ ಹಿಮದ ಉಂಡೆಯೊಡನೆಯೋ ಕೊಡುತ್ತಾರೆ. ಹೊರಗೆ ಹಿಮ ಸುರಿಯುತ್ತಿರುವಾಗ ದೀಪದ ಬೆಳಕು ನೀಲಿ ಗಾಜಿನ ಗೆರೆಗಳಲ್ಲಿ ಒಡೆದು, ಹೊನ್ನಿನ ಬಣ್ಣದ ದ್ರವದಲ್ಲಿ ನೂರಾಗಿ ಕಾಣುವುದನ್ನು ನೋಡುತ್ತ ಕುಳಿತವನು ಗಂಟೆಗೊಂದು ಗುಟುಕು ಹೀರಿದರೂ ಆಶ್ಚರ್ಯವಿಲ್ಲ. ಆ ಸುಖ ಕಣ್ಣಿನದು, ಕೈಯದು, ಬಿಡುವಿನದು. ನಾಲಗೆಯದು ಅದರಲ್ಲಿ ಕಾಲು ಪಾಲು.

ಈಗ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಚಳಿಗೆ ಮದ್ಯ ಮೈ ಬೆಚ್ಚಗೆ ಮಾಡುತ್ತದೆ ಎಂಬ ಮಾತು ಸುಳ್ಳು. ಮದ್ಯವು ಚರ್ಮದ ರಕ್ತನಾಳಗಳನ್ನು ಅರಳಿಸುತ್ತದೆ. ಒಳಗಿನ ಬಿಸಿರಕ್ತ ಮೇಲ್ಮೈಗೆ ಬರುವುದರಿಂದ ಬೆಚ್ಚನೆಯ ಭಾವ ಹುಟ್ಟುತ್ತದೆ. ನಿಜವಾಗಿ ದೇಹದ ಶಾಖ ಹೊರಗೆ ಹೋಗುತ್ತಿರುತ್ತದೆ. ಚಳಿಯ ರಾತ್ರಿ ಕುಡಿದು ಬಯಲಲ್ಲಿ ಮಲಗಿದವನು ಏಳದೆ ಹೋಗುವುದು ಇದೇ ಕಾರಣದಿಂದ. ದೊಡ್ಡ ಪೆಗ್ ಎಂದು ಕರೆಯುವ 60 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಮದ್ಯಸಾರವು ಅರ್ಬುದ ರೋಗಕ್ಕೆ ಕಾರಣವೆಂಬುದು 1988ರಿಂದಲೇ ಅಂತರರಾಷ್ಟ್ರೀಯ ಸಂಶೋಧಕರ ನಿರ್ಣಯ. ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿತು.

ನಾನು ಈ ನಗರಕ್ಕೆ ಬಂದ ಹೊಸತರಲ್ಲಿ, ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ನನ್ನ ಪಕ್ಕದಲ್ಲಿಯೇ ಚಾಪೆ ಹಾಸುತ್ತಿದ್ದ ಸಹೋದ್ಯೋಗಿಯೊಬ್ಬನಿದ್ದ. ಮೈಮುರಿದು ದುಡಿಯುವವನು, ಊರಿಗೆ ತಪ್ಪದೆ ಮನಿಯಾರ್ಡರ್ ಮಾಡುವವನು. ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ, ಚಳಿ ಎಂಬ ನೆವದಿಂದ, ಚಹದ ಲೋಟದಲ್ಲಿ ಕಳ್ಳಭಟ್ಟಿ ಕುಡಿಯತೊಡಗಿದ. ಮೊದಲು ಮನಿಯಾರ್ಡರ್ ನಿಂತಿತು, ಆಮೇಲೆ ಕೆಲಸ ಹೋಯಿತು, ಕಡೆಗೆ ಅವನನ್ನು ಊರಿಗೆ ಕರೆದೊಯ್ಯುವುದಕ್ಕೆ ನಾವೆಲ್ಲ ಚಂದಾ ಎತ್ತಬೇಕಾಯಿತು. ಅವನ ತಾಯಿ ಬಸ್ಸಿನ ಬಳಿ ನಿಂತು ಯಾರನ್ನೂ ದೂರದೆ ಅವನ ಹೆಗಲ ಮೇಲಿನ ಚೀಲವನ್ನು ತಾನು ತೆಗೆದುಕೊಂಡಳೆಂದು ಜೊತೆಗೆ ಹೋದವನು ಬಂದು ಹೇಳಿದ. ಆ ಮಾತನ್ನು ನಾನು ಈವರೆಗೂ ಮರೆತಿಲ್ಲ.

ಉಳ್ಳವನು ಸ್ಫಟಿಕದಲ್ಲಿ ಕುಡಿದರೆ ಅಭಿರುಚಿ, ಇಲ್ಲದವನು ಚಹದ ಲೋಟದಲ್ಲಿ ಕುಡಿದರೆ ದುಶ್ಚಟ ಎಂದು ಲೋಕ ಹೇಳುತ್ತದೆ. ಯಕೃತ್ತಾದರೋ ಲೋಟವನ್ನು ನೋಡುವುದಿಲ್ಲ. ಇದರಿಂದ ಎರಡು ಮಾತು ಹೊರಡುತ್ತವೆ. ಶ್ರೀಮಂತರ ಕುಡಿತವನ್ನು ಸಂಸ್ಕೃತಿಯೆಂದು ಕೊಂಡಾಡಿ ನಮ್ಮ ಹುಡುಗರು ಅದನ್ನು ಅನುಕರಿಸುವುದು ಬೇಡ. ಹಾಗೆಯೇ, ಮದ್ಯದ ಮೇಲಿನ ಕೋಪದಿಂದ ಆ ಲೋಟವನ್ನು ಕೊರೆದ ಕೈಯನ್ನು ಹೀನೈಸುವುದೂ ಬೇಡ. ಮುಂಬಯಿಯಲ್ಲಿ 'ಪರ್ಮಿಟ್ ರೂಮ್' ಎಂಬ ಹಲಗೆಯನ್ನು ನಾವು ದಿನವೂ ನೋಡುತ್ತೇವೆ. ಅದು 1949ರ ಮದ್ಯನಿಷೇಧ ಕಾಯದೆಯ ಕೂಸು. ನಮ್ಮವರೆಷ್ಟೋ ಮಂದಿಗೆ ಆ ಹಲಗೆಯ ಕೆಳಗೇ ಅನ್ನ. ಬಡಿಸುವವನು ಕುಡಿಯಬೇಕಾಗಿಲ್ಲ, ಬಡಿಸಿದ್ದಕ್ಕೆ ನಾಚಬೇಕಾಗಿಯೂ ಇಲ್ಲ.

ಆ ಲೋಟದಿಂದ ನಾವು ಕಲಿಯಬೇಕಾದುದೇನಾದರೂ ಇದ್ದರೆ ಅದು ನಿಧಾನ. ಮರೆಯುವುದಕ್ಕಾಗಿ ಕುಡಿಯುವವನಿಗೆ ಯಾವ ಲೋಟವಾದರೂ ಆದೀತು. ನೋಡುವುದಕ್ಕಾಗಿ ಕುಳಿತವನಿಗೆ ಮಾತ್ರ ಇಂತಹ ಲೋಟ ಬೇಕು. ಆ ಬಿಡುವಿಗೆ ವಿಸ್ಕಿಯೇ ಆಗಬೇಕೆಂದಿಲ್ಲ. ರಾತ್ರಿ ಕೆಲಸ ಮುಗಿದ ಮೇಲೆ ಹಿತ್ತಾಳೆಯ ಲೋಟದಲ್ಲಿ ನೊರೆಯೆದ್ದ ಕಾಫಿಯನ್ನು ಹಿಡಿದು, ಅಂಗೈಗೆ ಅದರ ಬಿಸಿ ತಾಗಿಸಿಕೊಂಡು, ಹತ್ತು ನಿಮಿಷ ಯಾರ ಹಂಗೂ ಇಲ್ಲದೆ ಕುಳಿತುಕೊಳ್ಳುವ ಹಕ್ಕು ಪ್ರತಿಯೊಬ್ಬ ದುಡಿಯುವವನಿಗೂ ಇದೆ. ಹದಿನಾಲ್ಕು ತಾಸು ದುಡಿಸಿ, ಬಿಡುವು ಕೊಡದೆ, ಆಮೇಲೆ ನಮ್ಮ ಹುಡುಗರು ಕುಡಿತಕ್ಕೆ ಬಿದ್ದರೆಂದು ಮರುಗುವ ಮಾಲಿಕರು ಈ ಮಾತನ್ನು ಯೋಚಿಸಬೇಕು.

ಕಡೆಯದಾಗಿ, ಒಡೆದರೆ ಏನು ಎಂಬ ಪ್ರಶ್ನೆ. ನಾನು ಕ್ಲೀನರ್ ಆಗಿದ್ದ ದಿನಗಳಲ್ಲಿ ಒಂದು ಹೋಟೆಲಿನಲ್ಲಿ ಒಮ್ಮೆ ನನ್ನ ಕೈಯಿಂದ ಗಾಜಿನ ಲೋಟಗಳ ತಟ್ಟೆ ಜಾರಿತು. ನೆಲ ಒದ್ದೆಯಾಗಿತ್ತು, ನೆಲ ಒರೆಸುವವನು ರಜೆಯಲ್ಲಿದ್ದ. ಯಾರೂ ಕಾರಣ ಕೇಳಲಿಲ್ಲ. ತಿಂಗಳ ಕೊನೆಗೆ ಸಂಬಳ ತೆಗೆದುಕೊಳ್ಳಲು ಗಲ್ಲೆಯ ಬಳಿ ಹೋದಾಗ ಅರ್ಧ ಹಣವೇ ಕೈಗೆ ಬಂದಿತು. ಎಷ್ಟು ಲೋಟ, ಯಾವ ಬೆಲೆ ಎಂದು ಕೇಳುವ ಧೈರ್ಯವೂ ನನಗಿರಲಿಲ್ಲ. ಆ ತಿಂಗಳು ಮನೆಗೆ ಹಣ ಕಳಿಸಲಾಗಲಿಲ್ಲ. ಕ್ಷೇಮಸಮಾಚಾರದ ಕಾರ್ಡು ಮಾತ್ರ ಹೋಯಿತು.

ಅಂದು ನನಗೆ ತಿಳಿಯದಿದ್ದ ಕಾನೂನನ್ನು ಇಂದಿನ ಹುಡುಗರಾದರೂ ತಿಳಿದಿರಲಿ. 1936ರ ವೇತನ ಪಾವತಿ ಕಾಯದೆಯಲ್ಲಿದ್ದು, ಅದರ ಸ್ಥಾನಕ್ಕಾಗಿ ರಚಿಸಿದ 2019ರ ವೇತನ ಸಂಹಿತೆಯಲ್ಲಿಯೂ ಉಳಿದು ಬಂದಿರುವ ನಿಯಮವಿದು. ಕೆಲಸಗಾರನ ವಶಕ್ಕೆ ಒಪ್ಪಿಸಿದ ವಸ್ತು ಅವನ ಅಲಕ್ಷ್ಯದಿಂದಲೇ ಹಾಳಾದಾಗ ಮಾತ್ರ ಅದರ ಬಾಬತ್ತು ಸಂಬಳದಿಂದ ಕಡಿಯಬಹುದು. ಕಡಿತವು ಆದ ನಷ್ಟವನ್ನು ಮೀರಕೂಡದು. ಕಡಿಯುವ ಮೊದಲು ಅವನಿಗೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು. ಎಲ್ಲ ಬಾಬತ್ತುಗಳೂ ಸೇರಿ ಕಡಿತವು ಸಂಬಳದ ಅರ್ಧಕ್ಕಿಂತ ಹೆಚ್ಚಾಗಕೂಡದೆಂದು ಸಂಹಿತೆ ಹೇಳುತ್ತದೆ. ಕೈ ಜಾರುವುದೆಲ್ಲ ಅಲಕ್ಷ್ಯವಲ್ಲ. ನೆಲ ಒದ್ದೆಯಿದ್ದರೆ, ತೊಟ್ಟಿ ಕಿರಿದಾಗಿದ್ದರೆ, ಹೇಗೆ ತೊಳೆಯಬೇಕೆಂದು ಕಲಿಸದಿದ್ದರೆ ಅದರ ಹೊಣೆ ತೊಳೆಯುವವನೊಬ್ಬನದೇ ಅಲ್ಲ.

ತೊಳೆಯುವ ಕ್ರಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೊರೆದ ಗಾಜನ್ನು ಯಂತ್ರದಲ್ಲಿ ಹಾಕಬಾರದು. ತೊಟ್ಟಿಯ ತಳಕ್ಕೆ ರಬ್ಬರಿನ ಹಾಸು ಹಾಕಿ, ಉಗುರುಬೆಚ್ಚನೆಯ ನೀರಿನಲ್ಲಿ, ಸೌಮ್ಯವಾದ ಸಾಬೂನಿನಿಂದ, ಮೆತ್ತನೆಯ ಸ್ಪಂಜಿನಿಂದ ಒಂದೊಂದನ್ನೇ ತೊಳೆಯಬೇಕು. ಗೆರೆಗಳೊಳಗೆ ಕೊಳೆ ನಿಂತರೆ ಮೃದುವಾದ ಕುಂಚ ಸಾಕು. ಉಜ್ಜುವ ಪುಡಿ ಬೇಡ. ಬೆರಳಿನ ಉಂಗುರವನ್ನು ಮೊದಲೇ ತೆಗೆದಿಡಬೇಕು. ಹಿಮವಿದ್ದ ಲೋಟವನ್ನು ಆಗಲೇ ಬಿಸಿನೀರಿಗೆ ಒಡ್ಡಬಾರದು. ಒಂದರೊಳಗೊಂದು ಇಡಬಾರದು. ಎಳೆ ಬಿಡದ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ ಇಡಬೇಕು. ಇಷ್ಟನ್ನು ತಪ್ಪದೆ ಮಾಡುವವನು ಕೂಲಿಯಾಳಲ್ಲ, ಕುಶಲಿ. ಟೋಕಿಯೋದಲ್ಲಿ ಕುಳಿತು ಕೊರೆದವನು ಒಳಗಿನಿಂದ ನೋಡಿದ ಗೆರೆಯನ್ನೇ ಇಲ್ಲಿ ಇವನು ಹೊರಗಿನಿಂದ ಬೆರಳಲ್ಲಿ ಮುಟ್ಟುತ್ತಾನೆ. ಲೋಟ ತಯಾರಿಸುವ ಕೆಲಸ ಅಲ್ಲಿ ಮುಗಿದಿರಬಹುದು. ಅದನ್ನು ಉಳಿಸುವ ಕೆಲಸ ಪ್ರತಿ ರಾತ್ರಿಯೂ ಇವನ ಕೈಯಲ್ಲಿದೆ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಗಿರಾಕಿಯಿಂದ ಹೆಚ್ಚಿನ ಹಣ ಪಡೆಯುವುದಕ್ಕಾಗಿ ಅಮೂಲ್ಯವಾದ ಲೋಟ ತರಿಸುವ ಹೋಟೆಲುಗಳು ಅದು ಎಂದಾದರೊಂದು ದಿನ ಒಡೆಯುತ್ತದೆಂಬುದನ್ನೂ ವ್ಯಾಪಾರದ ಲೆಕ್ಕದಲ್ಲಿಯೇ ಸೇರಿಸಿಕೊಳ್ಳಲಿ. ಲಾಭ ಗಲ್ಲೆಗೆ, ನಷ್ಟ ತೊಳೆಯುವವನಿಗೆ ಎಂಬುದು ನ್ಯಾಯವಲ್ಲ. ಅದನ್ನು ತೊಳೆಯುವವನಿಗೆ ಕೆಲಸ ಕಲಿಸಲಿ, ಕಲಿತ ಕೆಲಸಕ್ಕೆ ತಕ್ಕ ಕೂಲಿ ಕೊಡಲಿ. ಕೊರೆದ ಕೈಗೆ ಒಂದು ದೇಶ ಮರ್ಯಾದೆ ಕೊಟ್ಟಿರುವಾಗ ಕಾಯುವ ಕೈಗೆ ಇನ್ನೊಂದು ದೇಶ ಅಷ್ಟನ್ನಾದರೂ ಮಾಡಬಹುದು.

ಹೊರಡುವಾಗ ನನ್ನ ತಮ್ಮನ ಮಗನಿಗೆ ವೇತನದ ನಿಯಮವನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದುಕೊಟ್ಟೆ. ಅವನು ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, "ದೊಡ್ಡಪ್ಪ, ರಬ್ಬರಿನ ಹಾಸು ನಮ್ಮ ತೊಟ್ಟಿಯಲ್ಲಿ ಇಲ್ಲ. ನಾಳೆ ಕೇಳುತ್ತೇನೆ" ಎಂದ. ಕೇಳುವುದಾಗಿ ಅವನು ಹೇಳಿದುದೇ ನನಗೆ ಸಮಾಧಾನವಾಯಿತು. ಅವನ ವಯಸ್ಸಿನಲ್ಲಿ ನಾನು ಕೇಳಿರಲಿಲ್ಲ.